ಇನ್ನೂರು ಬಾರ್ ಗಾಳಿಯ ಲೆಕ್ಕ

ಬಳ್ಳಾರಿಯಿಂದ ಚಳ್ಳಕೆರೆಗೆ ಬರುವ ಹೆದ್ದಾರಿಯ ಮೇಲಿನ ರಾಂಪುರಕ್ಕೆ ಕಂಪ್ರೆಸರ್ ಸದ್ದು ಹೊಸದಲ್ಲ. ರಾಜ್ಯದಲ್ಲೇ ತೀರಾ ಕಡಿಮೆ ಮಳೆ ಕಾಣುವ ಸೀಮೆಯಿದು. ಹಳೆಯ ಕೊಳವೆಬಾವಿ ಬತ್ತಿ ಬೆಳೆ ಬಾಡತೊಡಗಿದರೆ ಹೊಲಕ್ಕೆ ಬೋರ್‌ವೆಲ್ ಲಾರಿ ಬರುತ್ತದೆ. ಅದರ ಕಂಪ್ರೆಸರ್ ಶುರುವಾಯಿತೆಂದರೆ ರಾತ್ರಿಯಿಡೀ ಅಕ್ಕಪಕ್ಕದ ಹಟ್ಟಿಗಳಿಗೂ ಕೇಳುತ್ತದೆ. ಒತ್ತಿದ ಗಾಳಿ ಉದ್ದನೆಯ ರಾಡುಗಳೊಳಗಿಂದ ಇಳಿದು ತಳದಲ್ಲಿರುವ ಹ್ಯಾಮರನ್ನು ಬಡಿಸುತ್ತದೆ, ಬಂಡೆಯನ್ನು ಪುಡಿಗಟ್ಟುತ್ತದೆ, ಆ ಪುಡಿಯನ್ನೂ ತಾನೇ ಮೇಲಕ್ಕೆ ಊದಿ ತರುತ್ತದೆ. ಬೂದುಬಣ್ಣದ ಕಲ್ಲುಹುಡಿ ಏಳುತ್ತಿರುವಷ್ಟು ಹೊತ್ತು ನೀರು ಸಿಕ್ಕಿಲ್ಲ ಎಂದರ್ಥ. ಹುಡಿ ಕೆಸರಾಗಿ ಚಿಮ್ಮಿದಾಗಲೇ ಹೊಲದವರಿಗೆ ಜೀವ ಬರುವುದು. ಇಷ್ಟೆಲ್ಲ ಕೆಲಸ ಮಾಡುವ ಆ ಗಾಳಿಯ ಒತ್ತಡ ಸಾಮಾನ್ಯವಾಗಿ 250ರಿಂದ 350 ಪಿ.ಎಸ್.ಐ., ಅಂದರೆ 17ರಿಂದ 24 ಬಾರ್.

ಈಗ ಇನ್ನೊಂದು ಅಂಕಿ. ಒಲಿಂಪಿಕ್ಸ್‌ನಲ್ಲಿ ಬಳಸುವ ಏರ್ ರೈಫಲ್ಲಿನ ನಳಿಗೆಯ ಕೆಳಗೆ ಕಾಲು ಲೀಟರ್ ಆಸುಪಾಸಿನ ಒಂದು ಪುಟ್ಟ ಸಿಲಿಂಡರ್ ಇರುತ್ತದೆ. ಅದರಲ್ಲಿ ತುಂಬುವ ಗಾಳಿಯ ಒತ್ತಡ 200 ಬಾರ್. ಬಂಡೆ ಕೊರೆಯುವ ಗಾಳಿಗಿಂತ ಎಂಟು–ಹನ್ನೆರಡು ಪಟ್ಟು ಹೆಚ್ಚು. ಬೈಕಿನ ಟೈರಿನಲ್ಲಿರುವುದು ಎರಡು ಬಾರ್ ಚಿಲ್ಲರೆ. ಪಂಕ್ಚರ್ ಅಂಗಡಿಯ ಟ್ಯಾಂಕಿನಲ್ಲಿ ಎಂಟು–ಹತ್ತು ಬಾರ್. ಅಲ್ಲಿಂದ ಇನ್ನೂರಕ್ಕೆ ಏರಬೇಕಾದರೆ ಮಧ್ಯೆ ದೊಡ್ಡ ಕಂದಕವಿದೆ. ಆ ಎತ್ತರದಲ್ಲಿ ದಿನನಿತ್ಯ ಓಡಾಡುವ ಅನಿಲವೆಂದರೆ ಸಿ.ಎನ್.ಜಿ. ಆಟೊ, ಕಾರುಗಳ ಸಿಲಿಂಡರಿಗೆ ಅದನ್ನು ತುಂಬುವುದೂ 200 ಬಾರ್‌ಗೇ. ಅಗ್ನಿಶಾಮಕ ಸಿಬ್ಬಂದಿ ಹೊಗೆಯೊಳಗೆ ನುಗ್ಗುವಾಗ ಬೆನ್ನಿಗೆ ಕಟ್ಟಿಕೊಳ್ಳುವ ಉಸಿರಾಟದ ಸಿಲಿಂಡರಿನಲ್ಲಿ 300 ಬಾರ್. ಏರ್‌ಗನ್‌ಗೆ ಗಾಳಿ ತುಂಬುವ ಕಂಪ್ರೆಸರ್ ಈ ಕೊನೆಯ ಗುಂಪಿಗೆ ಸೇರಿದ್ದು. ಗಾತ್ರದಲ್ಲಿ ಪಂಕ್ಚರ್ ಅಂಗಡಿಯ ಯಂತ್ರಕ್ಕಿಂತ ಚಿಕ್ಕದಾಗಿ ಕಂಡರೂ ಅದರೊಳಗೆ ನಡೆಯುವುದು ಬೇರೆಯದೇ ಭೌತವಿಜ್ಞಾನ.

ಬಂದೂಕಿಗೆ ಹೊರಗಿನ ಕಂಪ್ರೆಸರ್ ಯಾಕೆ ಬೇಕಾಯಿತು? ಚಳ್ಳಕೆರೆ ತಾಲೂಕಿನ ನಾಯಕನಹಟ್ಟಿ ಜಾತ್ರೆಯಂಥ ದೊಡ್ಡ ಜಾತ್ರೆಗಳಿಗೆ ಹೋದವರು ಬಲೂನು ಹೊಡೆಯುವ ಅಂಗಡಿ ನೋಡಿರುತ್ತಾರೆ. ಅಂಗಡಿಯವನು ನಳಿಗೆಯನ್ನು ಮಂಡಿಗೆ ಆನಿಸಿ ಬಗ್ಗಿಸುತ್ತಾನೆ, ಬಂದೂಕಿನೊಳಗಿನ ದಪ್ಪ ಸ್ಪ್ರಿಂಗ್ ಹಿಂದಕ್ಕೆ ಸರಿದು ಕಚ್ಚಿಕೊಳ್ಳುತ್ತದೆ. ಕುದುರೆ ಎಳೆದಾಗ ಸ್ಪ್ರಿಂಗ್ ಬಿಚ್ಚಿ ಪಿಸ್ಟನ್ನನ್ನು ಮುಂದೆ ತಳ್ಳುತ್ತದೆ. ಪಿಸ್ಟನ್ ಎದುರಿನ ಗಾಳಿ ಕ್ಷಣಮಾತ್ರದಲ್ಲಿ ಕುಗ್ಗಿ ಸೀಸದ ಗುಂಡನ್ನು ಹೊರದೂಡುತ್ತದೆ. ಆ ಬಂದೂಕಿಗೆ ಕಂಪ್ರೆಸರ್ ಒಳಗೇ ಇದೆ. ಗುಂಡಿಗೊಂದು ಸಲ ಕೆಲಸ ಮಾಡುತ್ತದೆ. ತೊಂದರೆಯೆಂದರೆ ಗುಂಡು ನಳಿಗೆ ಬಿಡುವ ಮೊದಲೇ ಭಾರದ ಪಿಸ್ಟನ್ ಓಡಿ ಹೋಗಿ ಬಡಿಯುತ್ತದೆ. ಬಂದೂಕು ಹಿಂದಕ್ಕೂ ಮುಂದಕ್ಕೂ ಜಗ್ಗುತ್ತದೆ. ಬಲೂನಿಗೆ ಅದು ಸಾಕು. ಹತ್ತು ಮೀಟರ್ ದೂರದಲ್ಲಿರುವ ಅರ್ಧ ಮಿಲಿಮೀಟರ್ ಚುಕ್ಕೆಗೆ ಸಾಲದು.

10 ಮೀಟರ್ ಏರ್ ರೈಫಲ್ ಗುರಿಯ ನಡುವಿನ ಹತ್ತು ಅಂಕದ ಚುಕ್ಕೆಯ ಅಗಲ ಅಷ್ಟೇ: 0.5 ಮಿಲಿಮೀಟರ್. ಈ ಸ್ಪರ್ಧೆ 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಸೇರ್ಪಡೆಯಾಯಿತು. ಏರ್ ಪಿಸ್ತೂಲು 1988ರಲ್ಲಿ ಸೋಲ್‌ನಲ್ಲಿ. ಅಷ್ಟು ಸೂಕ್ಷ್ಮ ಗುರಿಗೆ ಜಗ್ಗಾಟವೇ ಇಲ್ಲದ ಬಂದೂಕು ಬೇಕು. ಅದಕ್ಕೆ ಸಿಕ್ಕ ಉತ್ತರ ಸರಳ. ಗಾಳಿಯನ್ನು ಮೊದಲೇ ಒತ್ತಿ ಸಿಲಿಂಡರಿನಲ್ಲಿ ತುಂಬಿಡುವುದು, ಪ್ರತಿ ಗುಂಡಿಗೂ ಅಳೆದಷ್ಟೇ ಬಿಡುವುದು. ಪಿ.ಸಿ.ಪಿ. ಎಂದು ಶೂಟರ್‌ಗಳು ಕರೆಯುವುದು ಇದನ್ನೇ. ಸಿಲಿಂಡರಿನಿಂದ ಬರುವ ಗಾಳಿಯನ್ನು ರೆಗ್ಯುಲೇಟರ್ ಒಂದೇ ಮಟ್ಟದ ಕಡಿಮೆ ಒತ್ತಡಕ್ಕೆ ಇಳಿಸುತ್ತದೆ. ಹೀಗಾಗಿ ಮೊದಲ ಗುಂಡಿನ ವೇಗಕ್ಕೂ ಅರವತ್ತನೆಯದಕ್ಕೂ ಹೆಚ್ಚು ವ್ಯತ್ಯಾಸವಿರುವುದಿಲ್ಲ. ಗುಂಡಿನ ತೂಕ ಅರ್ಧ ಗ್ರಾಂ ಚಿಲ್ಲರೆ, ವೇಗ ಸೆಕೆಂಡಿಗೆ 170 ಮೀಟರ್ ಆಸುಪಾಸು, ಶಕ್ತಿ ಏಳೆಂಟು ಜೂಲ್. ಬೆಂಗಳೂರಿನ ಪ್ರಕಾಶ್ ನಂಜಪ್ಪ 2013ರಲ್ಲಿ ಚಾಂಗ್ವಾನ್ ವಿಶ್ವಕಪ್‌ನಲ್ಲಿ 10 ಮೀಟರ್ ಏರ್ ಪಿಸ್ತೂಲಿನ ಕಂಚು ಗೆದ್ದಾಗಲೂ, ಮರುವರ್ಷ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದಾಗಲೂ ಸ್ಪರ್ಧೆ ನಡೆದದ್ದು ಇಂಥ ಸಂಕುಚಿತ ಗಾಳಿಯ ಪಿಸ್ತೂಲುಗಳ ನಡುವೆಯೇ.

ಗಾಳಿ ತುಂಬಿಟ್ಟುಕೊಳ್ಳುವ ಬಂದೂಕು ಹೊಸ ಕಲ್ಪನೆಯೇನಲ್ಲ. ಬಾರ್ತೊಲೊಮಿಯೊ ಗಿರಾರ್ದೊನಿ ಎಂಬ ಕುಶಲಕರ್ಮಿ ರೂಪಿಸಿದ ಗಾಳಿ ಬಂದೂಕನ್ನು ಆಸ್ಟ್ರಿಯದ ಸೈನ್ಯ 1780ರ ಹೊತ್ತಿಗೇ ಬಳಕೆಗೆ ತೆಗೆದುಕೊಂಡಿತ್ತು. ಅದರ ಹಿಂಬದಿಯೇ ಗಾಳಿಯ ಬುರುಡೆ. ಅದನ್ನು ತುಂಬಲು ಸೈನಿಕ ಸುಮಾರು 1500 ಸಲ ಕೈಪಂಪು ಒತ್ತಬೇಕಿತ್ತು. ಅಷ್ಟು ಒತ್ತಿದರೂ ಸಿಗುತ್ತಿದ್ದ ಒತ್ತಡ 50–60 ಬಾರ್‌ಗಿಂತ ಹೆಚ್ಚಿರಲಿಲ್ಲ ಎಂಬುದು ಇವತ್ತಿನ ಅಂದಾಜು. ಬುರುಡೆ ಸೋರುವುದು, ಚರ್ಮದ ವಾಷರ್ ಒಣಗುವುದು, ರಣರಂಗದಲ್ಲಿ ತುಂಬಲು ಪುರುಸೊತ್ತಿಲ್ಲದಿರುವುದು, ಇವೆಲ್ಲ ಸೇರಿ ಆ ಬಂದೂಕು ಮೂಲೆ ಸೇರಿತು. ಬಂದೂಕು ಚೆನ್ನಾಗಿಯೇ ಇತ್ತು. ಕೈಕೊಟ್ಟದ್ದು ಪಂಪು.

ಗಾಳಿಯನ್ನು ಒತ್ತುವಾಗ ಎದುರಾಗುವ ಮೊದಲ ಶತ್ರು ಶಾಖ. ಸೈಕಲ್ ಪಂಪಿನ ತುದಿಯನ್ನು ಹಿಡಿದು ನೋಡಿದವರಿಗೆ ಇದು ಗೊತ್ತು. ಒತ್ತಲು ನಾವು ಹಾಕಿದ ಶ್ರಮವೆಲ್ಲ ಗಾಳಿಯೊಳಗೆ ಕಾವಾಗಿ ಕೂಡಿಕೊಳ್ಳುತ್ತದೆ. ನಿಧಾನವಾಗಿ ಒತ್ತಿದರೆ ಆ ಕಾವು ಲೋಹದ ಗೋಡೆಗೆ ದಾಟಿ ಹೋಗುತ್ತದೆ, ವೇಗವಾಗಿ ಒತ್ತಿದರೆ ಒಳಗೇ ಉಳಿಯುತ್ತದೆ. ಕಾವು ಸ್ವಲ್ಪವೂ ಹೊರಹೋಗಲಿಲ್ಲ ಎಂದಿಟ್ಟುಕೊಂಡು, 27 ಡಿಗ್ರಿ ಸೆಲ್ಸಿಯಸ್ ಗಾಳಿಯನ್ನು ಒಂದೇ ಏಟಿಗೆ 300 ಬಾರ್‌ಗೆ ಒತ್ತಿದರೆ ಅದರ ತಾಪ ಎಲ್ಲಿಗೆ ಮುಟ್ಟೀತು? ಲೆಕ್ಕ ಹೇಳುವುದು 1250 ಡಿಗ್ರಿಗೂ ಹೆಚ್ಚು. ತಾಮ್ರ ಕರಗಲು 1085 ಡಿಗ್ರಿ ಸಾಕು. ಅಂಥ ಯಂತ್ರ ಒಂದು ನಿಮಿಷವೂ ಬಾಳುವುದಿಲ್ಲ.

ಹಾಗಾಗಿ ಒತ್ತುವ ಕೆಲಸವನ್ನು ಹಂತಗಳಾಗಿ ಹಂಚುತ್ತಾರೆ. ದೊಡ್ಡ ಪಿಸ್ಟನ್ ಸ್ವಲ್ಪ ಒತ್ತುತ್ತದೆ, ಗಾಳಿ ತಾಮ್ರದ ಸುರುಳಿ ಕೊಳವೆಯಲ್ಲಿ ಹರಿದು ತಣ್ಣಗಾಗುತ್ತದೆ, ಆಮೇಲೆ ಸಣ್ಣ ಪಿಸ್ಟನ್ ಅದನ್ನು ಮತ್ತೆ ಒತ್ತುತ್ತದೆ. ಅದೇ 300 ಬಾರ್‌ಗೆ ಎರಡು ಹಂತದಲ್ಲಿ ಹೋದರೆ ಪ್ರತಿ ಹಂತದ ಪಾಲು ಹದಿನೇಳು ಪಟ್ಟು ಚಿಲ್ಲರೆ, ಗಾಳಿಯ ತಾಪ ಸುಮಾರು 400 ಡಿಗ್ರಿ. ಮೂರು ಹಂತವಾದರೆ ಆರೂಮುಕ್ಕಾಲು ಪಟ್ಟಿಗಿಂತ ಸ್ವಲ್ಪ ಕಡಿಮೆ, 240 ಡಿಗ್ರಿ. ನಾಲ್ಕಾದರೆ ನಾಲ್ಕು ಪಟ್ಟು ಚಿಲ್ಲರೆ, 180 ಡಿಗ್ರಿಯೊಳಗೆ. ಯಂತ್ರದೊಳಗೆ ಕಾವು ಸ್ವಲ್ಪ ಸೋರುವುದರಿಂದ ನಿಜವಾದ ತಾಪ ಇದಕ್ಕಿಂತ ಕಡಿಮೆಯೇ ಇರುತ್ತದೆ, ಆದರೆ ಹಂತಗಳ ನಡುವಿನ ಅಂತರ ಇದೇ. ಕಂಪ್ರೆಸರ್ ಕೊಳ್ಳುವವರು ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಬರೆದ 4500 ಪಿ.ಎಸ್.ಐ. ನೋಡಿ ಮರುಳಾಗುತ್ತಾರೆ. ಆ ಅಂಕಿಯನ್ನು ಮುಟ್ಟುವುದು ಅಗ್ಗದ ಯಂತ್ರಕ್ಕೂ ಸಾಧ್ಯ. ಕೇಳಬೇಕಾದ್ದು ಎಷ್ಟು ಹಂತ, ನಡುವೆ ತಣಿಸುವ ವ್ಯವಸ್ಥೆ ಏನು, ಎಷ್ಟು ನಿಮಿಷ ಸತತವಾಗಿ ಓಡಬಹುದು ಎಂಬುದನ್ನು. ರಾಂಪುರದಲ್ಲಿ ಏಪ್ರಿಲ್ ಮಧ್ಯಾಹ್ನದ ಗಾಳಿಯೇ 40 ಡಿಗ್ರಿ ಮುಟ್ಟುವಾಗ ಲೆಕ್ಕ ಶುರುವಾಗುವುದೇ ಹದಿಮೂರು ಡಿಗ್ರಿ ಮೇಲಿನಿಂದ. ಅಲ್ಲಿ ಬೇಸಿಗೆಯಲ್ಲಿ ಗಾಳಿ ತುಂಬುವ ಹೊತ್ತೆಂದರೆ ಬೆಳಗಿನ ಜಾವ.

ಶಾಖ ಇನ್ನೊಂದು ಬಗೆಯಲ್ಲೂ ಮೋಸ ಮಾಡುತ್ತದೆ. ಗಡಿಬಿಡಿಯಲ್ಲಿ ತುಂಬಿದ ಸಿಲಿಂಡರ್ 60 ಡಿಗ್ರಿಯಲ್ಲಿರುವಾಗ ಗೇಜು 200 ಬಾರ್ ತೋರಿಸಿದರೆ, ಅದು 30 ಡಿಗ್ರಿಗೆ ತಣಿದಾಗ ಉಳಿಯುವುದು 182. ಸೋರುತ್ತಿದೆ ಎಂದು ಜನ ಗಾಬರಿಯಾಗಿ ಓ-ರಿಂಗ್ ಬಿಚ್ಚುತ್ತಾರೆ, ಸೋರಿಕೆ ಇರುವುದಿಲ್ಲ. ತಿರುಗುಮುರುಗಾದರೆ ಅಪಾಯ ನಿಜವಾದದ್ದು: ತಂಪು ಹೊತ್ತಿನಲ್ಲಿ ಭರ್ತಿ 200 ಬಾರ್ ತುಂಬಿದ ಸಿಲಿಂಡರನ್ನು ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿಟ್ಟರೆ, ಒಳಗಿನ ತಾಪ 60 ಡಿಗ್ರಿ ತಲುಪಿದಾಗ ಒತ್ತಡ 220 ಬಾರ್ ಸಮೀಪಕ್ಕೆ ಏರಿರುತ್ತದೆ.

ಎರಡನೆಯ ಶತ್ರು ನೀರು. ಚಳ್ಳಕೆರೆ ಸೀಮೆಯ ಒಣಗಾಳಿಯಲ್ಲಿ ನೀರೆಲ್ಲಿಂದ ಬರಬೇಕು ಎಂದು ಅನಿಸುವುದು ಸಹಜ. ಅಗ್ನಿಶಾಮಕರು ಬಳಸುವಂಥ 6.8 ಲೀಟರ್ ಸಿಲಿಂಡರನ್ನು ಖಾಲಿಯಿಂದ 300 ಬಾರ್‌ವರೆಗೆ ತುಂಬಲು ಹೊರಗಿನ ಸುಮಾರು 1800 ಲೀಟರ್ ಗಾಳಿಯನ್ನು ಒಳಗೆಳೆಯಬೇಕು. (ಬಾಯ್ಲ್ ನಿಯಮ ಹೇಳುವುದು 2040 ಲೀಟರ್, ಅಷ್ಟು ಒತ್ತಡದಲ್ಲಿ ಗಾಳಿ ಆ ನಿಯಮಕ್ಕೆ ಪೂರ್ತಿ ಬಗ್ಗುವುದಿಲ್ಲ, ಸುಮಾರು ಹತ್ತನೇ ಒಂದು ಪಾಲು ಕಡಿಮೆ ಹಿಡಿಯುತ್ತದೆ.) ಮಳೆಗಾಲದಲ್ಲಿ 28 ಡಿಗ್ರಿ ತಾಪ, 75 ಶೇಕಡ ತೇವಾಂಶವಿರುವ ದಿನ ಅಷ್ಟು ಗಾಳಿಯಲ್ಲಿ 36 ಗ್ರಾಂ ನೀರಿರುತ್ತದೆ. ಬಿರುಬೇಸಿಗೆಯಲ್ಲಿ, ತುಟಿ ಒಡೆಯುವಂಥ 25 ಶೇಕಡ ತೇವಾಂಶದಲ್ಲೂ, 38 ಡಿಗ್ರಿ ಗಾಳಿ 20 ಗ್ರಾಂ ನೀರು ಹೊತ್ತಿರುತ್ತದೆ. ನಾಲ್ಕು ಟೀ ಚಮಚ! ಬಿಸಿಗಾಳಿ ಹೆಚ್ಚು ಆವಿಯನ್ನು ಹಿಡಿಯಬಲ್ಲದು. ನಮಗೆ ಒಣಗಿದೆ ಎನಿಸಿದರೂ ಅದು ಬರಿಗೈಯಲ್ಲಿಲ್ಲ. ಒತ್ತಿ, ತಣಿಸಿದ ಮೇಲೆ ಸಿಲಿಂಡರಿನ ಜಾಗದಲ್ಲಿ ಆವಿಯಾಗಿ ಉಳಿಯಬಲ್ಲದ್ದು ಅರ್ಧ ಗ್ರಾಂನಷ್ಟೂ ಇಲ್ಲ. ಉಳಿದದ್ದೆಲ್ಲ ನೀರಾಗಿ ಇಳಿಯಲೇಬೇಕು. ಕಂಪ್ರೆಸರಿನಲ್ಲೇ ಇಳಿಯಬೇಕೋ ಸಿಲಿಂಡರಿನೊಳಗೆ ಇಳಿಯಬೇಕೋ ಎಂಬುದಷ್ಟೇ ಪ್ರಶ್ನೆ.

ಅದಕ್ಕೇ ಕಂಪ್ರೆಸರಿಗೂ ಸಿಲಿಂಡರಿಗೂ ನಡುವೆ ನೀರು ಬೇರ್ಪಡಿಸುವ ಉಕ್ಕಿನ ಕೊಳವೆ, ಅದರ ಬುಡದಲ್ಲಿ ಬ್ಲೀಡ್ ವಾಲ್ವ್. ಯಂತ್ರ ಓಡುತ್ತಿರುವಾಗ ಐದು ನಿಮಿಷಕ್ಕೊಮ್ಮೆ ಆ ವಾಲ್ವಿನ ತಿರುಪನ್ನು ಕಾಲು ಸುತ್ತು ಬಿಚ್ಚಿದರೆ ಚೀರಾಟದ ಸದ್ದಿನೊಡನೆ ಬಿಳಿ ಮಂಜು ನುಗ್ಗುತ್ತದೆ. ಎದುರಿಗೆ ಹಿಡಿದ ಬಟ್ಟೆಯ ಮೇಲೆ ಹಾಲಿನ ಬಣ್ಣದ ಜಿಡ್ಡುನೀರು ಕೂರುತ್ತದೆ. ನೀರು ಮತ್ತು ಕಂಪ್ರೆಸರ್ ಆಯಿಲ್ ಸೇರಿ ಕಡೆದುಕೊಂಡ ದ್ರವ ಅದು. ಬಟ್ಟೆ ಹಿಡಿಯುವಾಗ ಬೆರಳು ವಾಲ್ವಿನ ಬಾಯಿಗೆ ಹತ್ತಿರ ಬರಬಾರದು; ಅಷ್ಟು ಒತ್ತಡದ ಗಾಳಿ ಚರ್ಮವನ್ನು ಭೇದಿಸಿ ಒಳನುಗ್ಗಬಲ್ಲದು. ಬೇರ್ಪಡದೆ ಉಳಿದ ಆವಿಯನ್ನು ಹೀರಲು ಮುಂದೆ ಇನ್ನೊಂದು ಡಬ್ಬಿ: ಅದರಲ್ಲಿ ಮಾಲಿಕ್ಯುಲರ್ ಸೀವ್ ಎಂಬ ರಂಧ್ರಮಯ ಹರಳುಗಳು, ಎಣ್ಣೆಯ ಆವಿ ಹಿಡಿಯಲು ಸಕ್ರಿಯ ಇದ್ದಿಲು. ಈ ಕಾಳುಗಳು ನೆನೆದ ಮೇಲೆ ಇದ್ದೂ ಇಲ್ಲದಂತೆ. ಈ ಡಬ್ಬಿಯ ಖರ್ಚು ಉಳಿಸಲು ಹೋದವರು ಕೊನೆಗೆ ರೆಗ್ಯುಲೇಟರ್ ಬದಲಿಸುವ ಖರ್ಚು ಮಾಡುತ್ತಾರೆ. ಉಕ್ಕಿನ ಸಿಲಿಂಡರಿನೊಳಗೆ ಹಿಡಿಯುವ ತುಕ್ಕು ಇನ್ನೂ ಕೆಟ್ಟದ್ದು, ಏಕೆಂದರೆ ಅದು ಹೊರಗೆ ಕಾಣುವುದಿಲ್ಲ.

ಮೂರನೆಯದು ಧೂಳು, ಇದು ಈ ಸೀಮೆಗೇ ಹೆಚ್ಚು ಸಲ್ಲುವ ಮಾತು. ಚಿತ್ರದುರ್ಗದ ಗುಡ್ಡಗಳ ಮೇಲೆ ಸಾಲುಸಾಲು ಗಾಳಿಯಂತ್ರ ನಿಲ್ಲಿಸುವಷ್ಟು ಜೋರಾದ ಗಾಳಿ ಆಷಾಢದಲ್ಲಿ ಬೀಸುತ್ತದೆ, ಜೊತೆಗೆ ಬಯಲಿನ ಮಣ್ಣನ್ನೂ ಎತ್ತಿ ತರುತ್ತದೆ. ಶೇಂಗಾ ಬಿಡಿಸುವ ಕಾಲಕ್ಕೆ ಕಣದ ಹೊಟ್ಟು ಬೇರೆ. ಸಣ್ಣ ಕಂಪ್ರೆಸರಿನ ಎರಡನೆಯ ಪಿಸ್ಟನ್ ಕಿರುಬೆರಳಿಗಿಂತ ದಪ್ಪವಿರುವುದಿಲ್ಲ. ಅದರ ಉಂಗುರಕ್ಕೂ ಗೋಡೆಗೂ ನಡುವೆ ಮರಳಿನ ಕಣ ಸಿಕ್ಕರೆ ಗೀರು ಬೀಳುತ್ತದೆ; ಗೀರಿನಲ್ಲಿ ಗಾಳಿ ಹಿಂದಕ್ಕೆ ಸೋರುತ್ತದೆ; ಸೋರಿದ ಗಾಳಿಯನ್ನೇ ಮತ್ತೆ ಒತ್ತುತ್ತ ಯಂತ್ರ ಕಾಯುತ್ತದೆ, 200 ದಾಟಲು ಒದ್ದಾಡುತ್ತದೆ. ಗಾಳಿ ಎಳೆದುಕೊಳ್ಳುವ ಬಾಯಿಗೆ ಒಳ್ಳೆಯ ಫಿಲ್ಟರ್ ಹಾಕಿ, ಕೊಳವೆಯನ್ನು ಆಳೆತ್ತರಕ್ಕೆ ಏರಿಸುವುದು ಕಡಿಮೆ ಖರ್ಚಿನ ದೊಡ್ಡ ಉಪಾಯ. ನೆಲದ ಹತ್ತಿರವೇ ಧೂಳು ಹೆಚ್ಚು.

ಇಷ್ಟು ತಿಳಿದ ಮೇಲೆ ಯಾವ ಯಂತ್ರ ಕೊಳ್ಳಬೇಕು ಎಂಬ ಪ್ರಶ್ನೆಯನ್ನು ಎಷ್ಟು ಗಾಳಿ ಬೇಕು ಎಂಬಲ್ಲಿಂದ ಶುರುಮಾಡಬೇಕು. ಕಾಲು ಲೀಟರಿನ ರೈಫಲ್ ಸಿಲಿಂಡರನ್ನು 100ರಿಂದ 200 ಬಾರ್‌ಗೆ ಏರಿಸಲು ಬೇಕಾದ ಹೊರಗಾಳಿ ಸುಮಾರು 23 ಲೀಟರ್. 6.8 ಲೀಟರಿನ ದೊಡ್ಡ ಸಿಲಿಂಡರನ್ನು ಒಮ್ಮೆ 300 ಬಾರ್‌ಗೆ ತುಂಬಿಟ್ಟರೆ, ಅದು 200ಕ್ಕೆ ಇಳಿಯುವಷ್ಟರಲ್ಲಿ ಇಂಥ ರೈಫಲ್ಲುಗಳನ್ನು ಇಪ್ಪತ್ತಕ್ಕೂ ಹೆಚ್ಚು ಸಲ ಭರ್ತಿ ಮಾಡಬಲ್ಲದು. ಒಂದು ಭರ್ತಿಯಲ್ಲಿ ಅರವತ್ತು ಗುಂಡಿನ ಪೂರ್ತಿ ಪಂದ್ಯ ಮುಗಿದು ಗಾಳಿ ಮಿಗುತ್ತದೆ. ಒಬ್ಬ ವಿದ್ಯಾರ್ಥಿ ಶೂಟರ್‌ಗೆ ಹಾಗಾದರೆ ಸ್ವಂತ ಕಂಪ್ರೆಸರ್ ಬೇಕೇ? ಬೇಡ. ಮೂರು ಹಂತದ ಕೈಪಂಪು ಸಾಕು. ನೂರಕ್ಕೂ ಹೆಚ್ಚು ಸಲ ಒತ್ತಬೇಕು, ನಡುವೆ ನಿಂತು ಪಂಪು ತಣಿಯಲು ಬಿಡಬೇಕು, ಬೆವರು ಸುರಿಯುತ್ತದೆ. ಆದರೆ ಕೈಪಂಪು ಕರೆಂಟು ಕೇಳುವುದಿಲ್ಲ.

ಇದಕ್ಕಿಂತ ಎಷ್ಟೋ ಪಟ್ಟು ಗಾಳಿ ಬೇಡುವ ಬಂದೂಕುಗಳೂ ಇವೆ, ದಪ್ಪ ನಳಿಗೆಯ, ಹೆಚ್ಚು ಶಕ್ತಿಯ ಪಿ.ಸಿ.ಪಿ.ಗಳು. ಅವುಗಳಿಗಾಗಿ ಕಂಪ್ರೆಸರ್ ಹುಡುಕುವವರು ಮೊದಲು ಕಾನೂನು ನೋಡಬೇಕು. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಗುಂಡಿನ ಶಕ್ತಿ 20 ಜೂಲ್ ಮೀರಿದರೂ, ನಳಿಗೆಯ ವ್ಯಾಸ 4.5 ಮಿಲಿಮೀಟರ್ ಮೀರಿದರೂ ಪರವಾನಗಿ ಬೇಕೇ ಬೇಕು. ಪರವಾನಗಿ ಇರಲಿ, ಇಲ್ಲದಿರಲಿ, ನವಿಲು, ಕೌಜುಗ, ಮೊಲಗಳಿಗೆ ಗುರಿಯಿಡುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಈ ನೆಲಕ್ಕೆ ಆ ಮಾತು ಹೊಸದೂ ಅಲ್ಲ. ರಾಂಪುರ ಸೇರಿರುವ ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಬಿ.ಎಲ್. ರೈಸ್ 1892ರಲ್ಲಿ ಪತ್ತೆಮಾಡಿದ ಅಶೋಕನ ಶಾಸನಗಳು ತಂದೆತಾಯಿಯರ ಮಾತು ಕೇಳಬೇಕು, ಸತ್ಯ ನುಡಿಯಬೇಕು ಎನ್ನುವುದರ ಜೊತೆಗೆ ಜೀವಿಗಳ ಮೇಲೆ ದಯೆ ಗಟ್ಟಿಯಾಗಿರಬೇಕು ಎಂದೂ ಹೇಳುತ್ತವೆ. ಏರ್‌ಗನ್ನಿನ ಗುರಿ ಕಾಗದವೇ ಆಗಿರಬೇಕು.

ಮಾರುಕಟ್ಟೆಯಲ್ಲಿ ಸಿಗುವ ವಿದ್ಯುತ್ ಕಂಪ್ರೆಸರ್‌ಗಳು ಸ್ಥೂಲವಾಗಿ ಮೂರು ಬಗೆ. ಕಾರಿನ 12 ವೋಲ್ಟ್ ಬ್ಯಾಟರಿಯಿಂದಲೂ ಓಡುವ ಟಿಫಿನ್ ಕ್ಯಾರಿಯರ್ ಗಾತ್ರದ ಪುಟಾಣಿಗಳು ಮೊದಲನೆಯವು. ನಿಮಿಷಕ್ಕೆ ಮೂರು ಲೀಟರ್ ಕೊಡುವಂಥ ಯಂತ್ರ 23 ಲೀಟರನ್ನು ಏಳೆಂಟು ನಿಮಿಷದಲ್ಲಿ ತುಂಬಿ ಕೊಡುತ್ತದೆ, ಸಂತೋಷ. ಅದಕ್ಕೆ 6.8 ಲೀಟರ್ ಸಿಲಿಂಡರನ್ನು 200ರಿಂದ 300ಕ್ಕೆ ಏರಿಸುವ ಕೆಲಸ ಕೊಟ್ಟರೆ ಮೂರು ಗಂಟೆ ಬೇಕು. ಹತ್ತು–ಹದಿನೈದು ನಿಮಿಷಕ್ಕೊಮ್ಮೆ ವಿಶ್ರಾಂತಿ ಬೇಡುವ ಯಂತ್ರ ಅಷ್ಟರೊಳಗೆ ಸುಟ್ಟಿರುತ್ತದೆ. ಎರಡನೆಯವು ಚೀನಾದಿಂದ ಬರುವ, ಬಕೆಟ್ಟಿನಲ್ಲಿ ಮುಳುಗಿಸಿದ ಪಂಪಿನಿಂದ ನೀರು ಹರಿಸಿ ತಣಿಸುವ ಎರಡು ಹಂತದ ಯಂತ್ರಗಳು. ಮೋಟಾರು 1.8 ಕಿಲೋವಾಟ್ ಆಸುಪಾಸು. ಇವು ಅದೇ ಕೆಲಸವನ್ನು ಹದಿನೈದು–ಇಪ್ಪತ್ತು ನಿಮಿಷದಲ್ಲಿ ಮುಗಿಸುತ್ತವೆ, ಕಾವು ಏರಿದಾಗ ನಿಲ್ಲಿಸಬೇಕಾಗುತ್ತದೆ. ಮೂರನೆಯವು ಉಸಿರಾಟದ ಗಾಳಿಗೆಂದೇ ಮಾಡಿದ ಮೂರು–ನಾಲ್ಕು ಹಂತದ ಯಂತ್ರಗಳು; 1946ರಲ್ಲಿ ಮ್ಯೂನಿಕ್‌ನಲ್ಲಿ ಶುರುವಾದ ಬೌವರ್, ಇಟಲಿಯ ಕೋಲ್ಟ್ರಿ ಇಲ್ಲಿ ಹೆಸರುವಾಸಿ. ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಮುಳುಗುಗಾರರನ್ನು ಕರೆದೊಯ್ಯುವವರಿಗೆ ಬೇಕಾಗುವುದು ಇಂಥ ದರ್ಜೆಯ ಯಂತ್ರ. ನಿಮಿಷಕ್ಕೆ ನೂರು ಲೀಟರ್ ಕೊಡುತ್ತವೆ, ವರ್ಷಗಟ್ಟಲೆ ದುಡಿಯುತ್ತವೆ, ಬೆಲೆಯೂ ಹಾಗೆಯೇ. ಮೊದಲೆರಡು ಬಗೆಯ ಯಂತ್ರಗಳಿಂದ ಉಸಿರಾಡುವ ಸಿಲಿಂಡರನ್ನು ಎಂದೂ ತುಂಬಬಾರದು. ಎಣ್ಣೆಯ ಆವಿ, ಇಂಗಾಲದ ಮಾನಾಕ್ಸೈಡ್ ಬಂದೂಕಿಗೆ ಲೆಕ್ಕವಿಲ್ಲ, ಶ್ವಾಸಕೋಶಕ್ಕೆ ವಿಷ.

ಹಳ್ಳಿಯಲ್ಲಿ ಇನ್ನೊಂದು ಪರೀಕ್ಷೆ ಇದೆ, ವೋಲ್ಟೇಜ್. ಪಂಪ್‌ಸೆಟ್‌ಗಳು ಒಟ್ಟಿಗೆ ಓಡುವ ಹೊತ್ತಿಗೆ 230 ವೋಲ್ಟ್ ಇರಬೇಕಾದ ಕಡೆ 180 ಬಂದರೆ ಮೋಟಾರಿನ ತಿರುಗುಬಲ ಇಳಿಯುವುದು ವೋಲ್ಟೇಜಿನ ವರ್ಗದ ಪ್ರಮಾಣದಲ್ಲಿ. ಅಂದರೆ ಉಳಿಯುವುದು ಅರುವತ್ತು ಶೇಕಡ ಮಾತ್ರ. ಒತ್ತಡ ತುಂಬಿದ ಪಿಸ್ಟನ್ನಿನ ವಿರುದ್ಧ ಆ ಮೋಟಾರು ಏಳಲಾರದೆ ಗುಂಯ್‌ಗುಟ್ಟುತ್ತ ನಿಂತರೆ ವೈಂಡಿಂಗ್ ಹೋಯಿತು. ಬ್ಲೀಡ್ ವಾಲ್ವ್ ತೆರೆದಿಟ್ಟೇ ಯಂತ್ರ ಶುರುಮಾಡಿ, ವೇಗ ಹಿಡಿದ ಮೇಲೆ ಮುಚ್ಚುವ ಅಭ್ಯಾಸ ಇದಕ್ಕೇ. ತೆಳ್ಳನೆಯ ಎಕ್ಸ್‌ಟೆನ್ಷನ್ ವೈರಿನಲ್ಲಿ ಇನ್ನಷ್ಟು ವೋಲ್ಟೇಜ್ ಸೋರುತ್ತದೆ. ದಪ್ಪ ತಾಮ್ರದ ವೈರು, ಸರಿಯಾದ ಅರ್ಥಿಂಗ್ ಇಲ್ಲದ ಕಡೆ ಈ ಯಂತ್ರ ಬೇಡ.

ನಿರ್ವಹಣೆಯಲ್ಲಿ ಎಲ್ಲಕ್ಕಿಂತ ಮೇಲಿನ ಪಾಠ ಎಣ್ಣೆಯದು. ಡೀಸೆಲ್ ಎಂಜಿನ್ನಿಗೆ ಕಿಡಿ ಬೇಕಿಲ್ಲ. ಗಾತ್ರದಲ್ಲಿ ಹದಿನಾರರಿಂದ ಇಪ್ಪತ್ತು ಪಟ್ಟು ಕುಗ್ಗಿಸಿದ ಗಾಳಿಯ ಕಾವಿಗೇ ಇಂಧನ ಹೊತ್ತಿಕೊಳ್ಳುತ್ತದೆ. ಎರಡು ಹಂತದ ಕಂಪ್ರೆಸರಿನ ಪ್ರತಿ ಹಂತದಲ್ಲೂ ಗಾಳಿಯ ತಾಪ 400 ಡಿಗ್ರಿ ಸಮೀಪಿಸಬಲ್ಲದು ಎಂಬುದನ್ನು ಆಗಲೇ ನೋಡಿದೆವು. ಅಲ್ಲಿಗೆ ಬೈಕಿನ ಎಂಜಿನ್ ಆಯಿಲ್ ಸುರಿದರೆ ಅದು ಇಂಧನವೇ ಆಗಬಹುದು. ಹೊತ್ತಿದರೆ ವಾಲ್ವಿನ ಮೇಲೆ ಕರಿ ಕಟ್ಟುತ್ತದೆ, ಗ್ರಹಚಾರ ಕೆಟ್ಟರೆ ಕೊಳವೆ ಸಿಡಿಯುತ್ತದೆ. ತಯಾರಕರು ಹೇಳಿದ, ಹೆಚ್ಚಿನ ತಾಪ ತಡೆಯುವ ಸಿಂಥೆಟಿಕ್ ಕಂಪ್ರೆಸರ್ ಆಯಿಲ್ ಮಾತ್ರ ಹಾಕಬೇಕು. ಹೊಸ ಯಂತ್ರದಲ್ಲಿ ಲೋಹದ ಸಣ್ಣ ಚೂರುಗಳು ಉದುರುವುದರಿಂದ ಮೊದಲ ಕೆಲವು ಗಂಟೆ ಓಡಿದ ಮೇಲೆ ಆಯಿಲ್ ಬದಲಿಸಲೇಬೇಕು. ಹರಿದ ಆಯಿಲನ್ನು ಬಿಸಿಲಿಗೆ ಹಿಡಿದರೆ ಆ ಚೂರುಗಳು ಮಿನುಗುವುದು ಕಾಣುತ್ತದೆ. ಬಂದೂಕಿನ ಓ-ರಿಂಗ್, ಜೋಡಣೆಗಳಿಗೆ ಸಿಲಿಕೋನ್ ಗ್ರೀಸ್, ಅದೂ ತೆಳುವಾಗಿ. ವಾಹನದ ಗ್ರೀಸ್ ಅಲ್ಲಿಗೆ ಸಲ್ಲದು.

ವೆಲ್ಡಿಂಗ್ ಅಂಗಡಿಯ ಆಮ್ಲಜನಕದ ಸಿಲಿಂಡರ್ ನೋಡಿ ಇದರಿಂದಲೇ ತುಂಬಿದರಾಯಿತಲ್ಲ ಎಂಬ ಯೋಚನೆ ಬರುವುದುಂಟು. ಇದು ಸಾವಿನ ದಾರಿ. ಒತ್ತಡದ ಶುದ್ಧ ಆಮ್ಲಜನಕ, ಒಂದು ತೊಟ್ಟು ಗ್ರೀಸ್, ವಾಲ್ವ್ ಥಟ್ಟನೆ ತೆರೆದಾಗ ಹುಟ್ಟುವ ಕಾವು, ಇಷ್ಟು ಸೇರಿದರೆ ಉಕ್ಕೇ ಉರಿಯುತ್ತದೆ. ಬಂದೂಕಿಗೆ ಗಾಳಿ ಮಾತ್ರ.

ಉಳಿದ ಕೆಲಸ ಶಿಸ್ತಿನದು. ಯಂತ್ರದ ಪಕ್ಕ ಒಂದು ನೋಟುಪುಸ್ತಕ ತೂಗುಹಾಕಿ ಎಷ್ಟು ನಿಮಿಷ ಓಡಿತು ಎಂದು ಬರೆದಿಟ್ಟರೆ ಆಯಿಲ್, ಫಿಲ್ಟರ್ ಕಾಳು ಬದಲಿಸುವ ಹೊತ್ತು ತಾನಾಗಿ ತಿಳಿಯುತ್ತದೆ. 100ರಿಂದ 200 ಬಾರ್‌ಗೆ ಏರಲು ಹೋದ ತಿಂಗಳಿಗಿಂತ ಹೆಚ್ಚು ಹೊತ್ತು ಹಿಡಿದರೆ ಉಂಗುರ ಸವೆದಿದೆ ಅಥವಾ ವಾಲ್ವ್ ಸೋರುತ್ತಿದೆ. ಆ ಪುಸ್ತಕವೇ ಅದನ್ನು ಮೊದಲು ಹೇಳುತ್ತದೆ. ಜೋಡಣೆಗಳಿಗೆ ಸೋಪಿನ ನೀರು ಸವರಿದರೆ ಸೋರಿಕೆಯ ಜಾಗದಲ್ಲಿ ಗುಳ್ಳೆ ಏಳುತ್ತದೆ. ಸೋರುವ ನಟ್ಟನ್ನು ಒತ್ತಡ ಇರುವಾಗ ಬಿಗಿಯಬಾರದು, ಪೂರ್ತಿ ಗಾಳಿ ಬಿಟ್ಟ ಮೇಲೆಯೇ ಕೈಹಾಕಬೇಕು. ಮಿತಿ ಮೀರಿದಾಗ ತಾನು ಹರಿದು ಯಂತ್ರವನ್ನು ಉಳಿಸುವ ಬರ್ಸ್ಟ್ ಡಿಸ್ಕ್ ಎಂಬ ತಾಮ್ರದ ಬಿಲ್ಲೆ ಹೋದರೆ ಅದೇ ಅಳತೆಯದನ್ನೇ ಹಾಕಬೇಕು. ಎರಡು ಬಿಲ್ಲೆ ಜೋಡಿಸಿ ‘ಗಟ್ಟಿ’ ಮಾಡುವವರು ತಮ್ಮ ಮುಖದೆದುರಿನ ಕೊನೆಯ ಕಾವಲನ್ನೇ ತೆಗೆದುಹಾಕಿರುತ್ತಾರೆ.

ಎಲ್ಲಕ್ಕಿಂತ ಕಡಿಮೆ ಗಮನ ಸಿಗುವುದು ಸಿಲಿಂಡರಿಗೆ, ಎಲ್ಲಕ್ಕಿಂತ ಹೆಚ್ಚು ಶಕ್ತಿ ಇರುವುದೂ ಅದರಲ್ಲೇ. 300 ಬಾರ್ ತುಂಬಿದ 6.8 ಲೀಟರ್ ಸಿಲಿಂಡರ್ ಹಠಾತ್ತನೆ ಒಡೆದರೆ ಹೊರಬೀಳುವ ಶಕ್ತಿ ಸುಮಾರು ನಾಲ್ಕು ಲಕ್ಷ ಜೂಲ್; ಒಂದು ಟನ್ ತೂಕದ ಕಾರನ್ನು 40 ಮೀಟರ್ ಮೇಲಕ್ಕೆತ್ತಲು ಅಷ್ಟು ಸಾಕು. ಭಾರತದಲ್ಲಿ ಇಂಥ ಸಿಲಿಂಡರುಗಳು 2016ರ ಗ್ಯಾಸ್ ಸಿಲಿಂಡರ್ ನಿಯಮಗಳಿಗೆ ಒಳಪಟ್ಟಿವೆ. ನಾಗಪುರದಲ್ಲಿ ಮುಖ್ಯ ಕಚೇರಿಯಿರುವ ಪೆಸೊ ಸಂಸ್ಥೆ ಅದರ ಉಸ್ತುವಾರಿ ನೋಡುತ್ತದೆ. ಸಿ.ಎನ್.ಜಿ. ಆಟೊ ಓಡಿಸುವವರಿಗೆ ಮೂರು ವರ್ಷಕ್ಕೊಮ್ಮೆಯ ಹೈಡ್ರೊ ಟೆಸ್ಟ್ ಚೆನ್ನಾಗಿ ಗೊತ್ತು. ಸಿಲಿಂಡರಿಗೆ ನೀರು ತುಂಬಿ, ಕೆಲಸದ ಒತ್ತಡಕ್ಕಿಂತ ಹೆಚ್ಚು ಒತ್ತಿ, ಅದು ಎಷ್ಟು ಹಿಗ್ಗಿ ಎಷ್ಟು ಮರಳಿ ಕುಗ್ಗಿತು ಎಂದು ಅಳೆಯುವ ಪರೀಕ್ಷೆ ಅದು. ನೀರು ಕುಗ್ಗುವುದು ಅತ್ಯಲ್ಪವಾದ್ದರಿಂದ ಪರೀಕ್ಷೆಯಲ್ಲಿ ಸಿಲಿಂಡರ್ ಒಡೆದರೂ ಸ್ಫೋಟವಾಗುವುದಿಲ್ಲ. ಗಾಳಿಯ ಸಿಲಿಂಡರಿಗೂ ಇದೇ ಪರೀಕ್ಷೆ ಕಾಲಕಾಲಕ್ಕೆ ಆಗಬೇಕು. ಇಂಗಾಲದ ನಾರು ಸುತ್ತಿದ ಹಗುರ ಸಿಲಿಂಡರುಗಳಿಗೆ ತಯಾರಕರು ಸಾಮಾನ್ಯವಾಗಿ ಕೊಡುವ ಒಟ್ಟು ಆಯುಷ್ಯ 15 ವರ್ಷ. ಸ್ಪರ್ಧೆಯ ರೈಫಲ್ಲಿನ ಪುಟ್ಟ ಸಿಲಿಂಡರಿಗೂ ವಾಯಿದೆಯಿದೆ. ಅದು ಮುಗಿದಿಲ್ಲವೆಂದು ನೋಡಿಕೊಳ್ಳುವ ಹೊಣೆಯನ್ನು ಅಂತರರಾಷ್ಟ್ರೀಯ ಶೂಟಿಂಗ್ ನಿಯಮಗಳು ಸ್ಪರ್ಧಿಯ ಮೇಲೆಯೇ ಹೊರಿಸಿವೆ.

ರಾಂಪುರದಂಥ ಊರಿನಲ್ಲಿ ನಾಲ್ಕಾರು ಮಕ್ಕಳು ಈ ಆಟಕ್ಕೆ ಇಳಿದರೆ ಮನೆಗೊಂದು ಅಗ್ಗದ ಕಂಪ್ರೆಸರ್ ಕೊಳ್ಳುವುದು ದಂಡ. ಎಲ್ಲರೂ ಸೇರಿ ಒಂದು ಒಳ್ಳೆಯ ಮೂರು ಹಂತದ ಯಂತ್ರ ಇಟ್ಟುಕೊಂಡು, ಅದನ್ನು ನಡೆಸುವುದು ಕಲಿತ ಒಬ್ಬರ ಕೈಯಲ್ಲೇ ಬಿಡಬೇಕು. ಇಲ್ಲವೇ ಒಂದು ದೊಡ್ಡ ಸಿಲಿಂಡರ್ ಕೊಂಡು, ನಂಬಿಕಸ್ತ ಕಡೆ ತುಂಬಿಸಿ ತಂದು, ಎಲ್ಲರೂ ಹಂಚಿಕೊಳ್ಳಬೇಕು. ಈಗಾಗಲೇ ಸಿಲಿಂಡರ್ ಇರುವವರು ಮುಂದಿನ ಸಲ ಗಾಳಿ ತುಂಬುವ ಮೊದಲು ಅದನ್ನು ಬೆಳಕಿಗೆ ತಿರುಗಿಸಿ, ಕುತ್ತಿಗೆಯ ಬಳಿ ಕೊರೆದಿರುವ ಅಥವಾ ಮೈಮೇಲಿನ ಚೀಟಿಯಲ್ಲಿ ಅಚ್ಚಾಗಿರುವ ತಿಂಗಳು, ವರ್ಷ ಓದಿಕೊಳ್ಳಿ. ಪರೀಕ್ಷೆಯ ಅವಧಿ ಮೀರಿದ್ದರೆ ತುಂಬಬೇಡಿ.